ನಾನೇ ಬರೆದ ಬಿಡುಗಡೆ ಪತ್ರ

ಎರಡನೇ ಸಲದ ಚಿಕಿತ್ಸೆಯ ರಿಪೋರ್ಟನ್ನು ಡಾಕ್ಟರಮ್ಮ ಮಗುಚಿಟ್ಟು, ‘ನಿಮ್ಮ ಅಂಡಾಣುಗಳ ಮ್ಯಾಲೆ ಇನ್ನ ಆಸೆ ಇಟ್ಕೋಬ್ಯಾಡ್ರಿ’ ಎಂದರು. ರಾಯಚೂರಿನ ಆ ಆಸ್ಪತ್ರೆಯ ಕೋಣೆಯಲ್ಲಿ ಗೋಡೆ ತುಂಬ ಕೂಸುಗಳ ಫೋಟೊ. ನನಗಾಗ ಮೂವತ್ತೊಂಬತ್ತು. ಅಳಲಿಲ್ಲ. ಓದಿದ ಹೆಂಗಸು ಡಾಕ್ಟರ ಮುಂದೆ ಅಳಬಾರದು ಎಂಬ ಹಟ ನನಗೆ ಮೊದಲಿನಿಂದಲೂ ಇದೆ. ‘ಮತ್ತೇನು ದಾರಿ ಅದ, ಅದನ್ನ ಹೇಳ್ರಿ’ ಎಂದೆ.

ದಾರಿ ಇತ್ತು. ಬೇರೊಬ್ಬ ಹೆಂಗಸು ಕೊಟ್ಟ ಅಂಡಾಣು, ನನ್ನ ಗಂಡನ ವೀರ್ಯ, ನನ್ನ ಗರ್ಭ. ಕೊಟ್ಟವಳು ಯಾರೆಂದು ನಮಗೆ ತಿಳಿಸುವುದಿಲ್ಲ, ನಾವು ಯಾರೆಂದು ಅವಳಿಗೂ ತಿಳಿಸುವುದಿಲ್ಲ. ‘ಹೊರೋರು ನೀವು, ಹಡಿಯೋರು ನೀವು, ಎದಿಹಾಲು ಕುಡಿಸೋರು ನೀವು’ ಎಂದರು ಡಾಕ್ಟರಮ್ಮ. ಖರ್ಚು ಮೂರೂವರೆ ಲಕ್ಷ. ಅರ್ಧ ಮೊದಲೇ ಕಟ್ಟಬೇಕು, ಆಮೇಲೆ ದಾನಿಯನ್ನು ಗೊತ್ತು ಮಾಡುತ್ತಾರೆ.

ವಾಪಸು ಮಾನ್ವಿಗೆ ಹೊರಟ ನಮ್ಮ ಬಸ್ಸು ಕಲ್ಮಲ ದಾಟಿತು. ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವನು ಇದ್ದಕ್ಕಿದ್ದಂತೆ ಅಂದ, ‘ನಮ್ಮ ಡಿಪೋದಾಗ ಅರ್ಧ ಬಸ್ಸು ಬ್ಯಾರೆ ಬಸ್ಸಿನ ಸಾಮಾನಿನ ಮ್ಯಾಲೇ ಓಡಾಕತ್ತಾವ. ಯಾವ ಪ್ಯಾಸೆಂಜರ್ ಇಳದು ಕೇಳ್ಯಾನ?’ ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡುವಷ್ಟು ಜೋರಾಗಿ ನಕ್ಕೆ. ಅಲ್ಲಿಗೆ ನಮ್ಮಿಬ್ಬರ ಒಪ್ಪಿಗೆ ಮುಗಿಯಿತು. ಉಳಿದದ್ದು ದುಡ್ಡು.

ಮೊದಲಿನ ಎರಡು ಪ್ರಯತ್ನಕ್ಕೆ ನನ್ನ ಬಂಗಾರವೆಲ್ಲ ಹೋಗಿತ್ತು. ಬ್ಯಾಂಕಿನ ಸಾಲದ ಕಂತು ಸಂಬಳದಲ್ಲೇ ಕಟಾವಾಗುತ್ತಿತ್ತು. ನಾನು ಮಾನ್ವಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. ಸರ್ಕಾರಿ ನೌಕರಿ ಅಂದರೆ ಏನಾದರೊಂದು ದಾರಿ ಇರುತ್ತದೆ ಎಂದು ನಂಬಿ ಕಚೇರಿಗೆ ಹೋಗಿ ವೈದ್ಯಕೀಯ ವೆಚ್ಚದ ಬಗ್ಗೆ ಕೇಳಿದೆ. ಗುಮಾಸ್ತ ಪಟ್ಟಿಯ ಮೇಲೆ ಬೆರಳಾಡಿಸಿ, ‘ಕಾಲು ಮುರಕೊಂಡು ಬಂದಿದ್ರ ಏನರ ಮಾಡಬೌದಿತ್ತು ಮೇಡಂ. ಇದು ನಮ್ಮ ಪಟ್ಟಿಯೊಳಗಿಲ್ಲ’ ಎಂದ. ಬ್ಯಾಂಕಿನವರು ನನ್ನ ಸಂಬಳದ ಚೀಟಿ ನೋಡಿ, ‘ಇದರಾಗ ಇನ್ನೊಂದು ಕಂತಿಗೆ ಜಾಗ ಎಲ್ಲದ್ರಿ?’ ಎಂದರು. ಆಸ್ಪತ್ರೆಯಲ್ಲಿ ಲೆಕ್ಕ ನೋಡುವ ಹುಡುಗಿ ಒಂದು ಫೈನಾನ್ಸ್ ಕಂಪನಿಯ ಕಾರ್ಡು ಕೊಟ್ಟಳು. ಅದರ ಬಡ್ಡಿಯನ್ನು ನನ್ನ ಗಂಡ ಲೆಕ್ಕ ಹಾಕಿ ಕಾರ್ಡನ್ನು ಫ್ರಿಜ್ಜಿನ ಮೇಲೆ ಬೋರಲು ಹಾಕಿದ.

‘ನಮ್ಮಣ್ಣ ಅದಾನ’ ಎಂದೆ ನಾನು.

ಅಣ್ಣನ ಮೇಲಿನ ನನ್ನ ಭರವಸೆ ಸುಮ್ಮನೆ ಬಂದದ್ದಲ್ಲ. ನಮ್ಮೂರು ದೇವದುರ್ಗ ತಾಲ್ಲೂಕಿನಲ್ಲಿ, ಗೂಗಲ್ಲಿನ ಹತ್ತಿರ, ಕೃಷ್ಣೆಯ ದಂಡೆಗೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಹೇಳಿಕೊಳ್ಳಲು ನಾಚಿಕೆಯಿಲ್ಲ, ಹೊಟ್ಟೆ ಬಟ್ಟೆ ಕಟ್ಟಿ ಓದಿದ್ದು. ಆದರೆ ನಾನು ಓದುವುದಕ್ಕಾಗಿ ಅಣ್ಣ ಏಳನೆಯ ತರಗತಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ಹೊಲಕ್ಕೆ ಇಳಿದ. ತಿಂಗಳಿಗೊಮ್ಮೆ ದೇವದುರ್ಗದ ಹಾಸ್ಟೆಲ್ಲಿಗೆ ಬಂದು ಕಟಕ ರೊಟ್ಟಿ, ಶೇಂಗಾ ಪುಡಿ ಕೊಟ್ಟು, ಗೇಟಿನಾಚೆ ನಿಂತು ನನ್ನ ಪುಸ್ತಕದ ಚೀಲ ಎತ್ತಿ ನೋಡಿ, ‘ಇಷ್ಟು ಭಾರ ಹೊರತೀಯೇನ್ ಬೇ?’ ಎನ್ನುತ್ತಿದ್ದ. ಆ ಚೀಲವನ್ನು ಅವನೂ ಹೊರಬಹುದಿತ್ತು ಎಂಬುದನ್ನು ನಾನು ಯಾವತ್ತೂ ಮರೆತಿಲ್ಲ.

ಹಾಗಾಗಿ ಅಪ್ಪ ತೀರಿಕೊಂಡ ಮರುವರ್ಷ ಅಣ್ಣ ಹಕ್ಕು ಬಿಡುಗಡೆಯ ಮಾತು ತೆಗೆದಾಗ ನಾನು ಎರಡನೇ ಯೋಚನೆ ಮಾಡಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ತವರಿನ ಹೊಲದಲ್ಲಿ ಪಾಲು ಕೇಳುವುದಿಲ್ಲ. ಕಾಯ್ದೆ ಕೊಟ್ಟಿದ್ದನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟು ಬರುತ್ತಾರೆ. ಬದಲಿಗೆ ಒಂದು ಸೀರೆ, ಒಂದು ಉಡಿ, ತವರಿನ ಬಾಗಿಲು.

ದೇವದುರ್ಗದ ಕಚೇರಿಯ ಮುಂದೆ ತಗಡಿನ ನೆರಳಲ್ಲಿ ಪತ್ರ ಬರೆಯುವವನು ಕೂತಿದ್ದ. ಅವನು ಬರೆದ ಹಾಳೆ ಓದಿ ನನಗೆ ತಡೆಯಲಾಗಲಿಲ್ಲ. ಸಾಲಿಗೆರಡು ತಪ್ಪು, ಅರ್ಥವಾಗದ ವಾಕ್ಯ. ‘ಸರೀರಿ ಈ ಕಡಿ’ ಎಂದು ಪೆನ್ನು ಇಸಿದುಕೊಂಡು ಇಡೀ ಪತ್ರವನ್ನು ನಾನೇ ಹೊಸದಾಗಿ ಬರೆದೆ. ಅಣ್ಣ ಒಂದು ಪೈಸೆ ಕೊಟ್ಟಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಆದರೂ ನಾಳೆ ಅವನಿಗೆ ತೊಂದರೆಯಾಗಬಾರದೆಂದು ಬರೆದೆ: ‘ನನ್ನ ಪಾಲಿಗೆ ಬರಬೇಕಾದದ್ದೆಲ್ಲ ನನಗೆ ಪೂರ್ತಿ ಮುಟ್ಟಿದೆ. ಮುಂದೆ ನಾನಾಗಲಿ, ನನಗೆ ಹುಟ್ಟುವ ಮಕ್ಕಳಾಗಲಿ ಈ ಜಮೀನಿನಲ್ಲಿ ಯಾವ ಹಕ್ಕನ್ನೂ ಕೇಳುವುದಿಲ್ಲ.’ ಮಕ್ಕಳ ಮಾತು ಪತ್ರ ಬರೆಯುವವನ ಹಾಳೆಯಲ್ಲಿ ಇರಲಿಲ್ಲ. ಸೇರಿಸಿದವಳು ನಾನು.

‘ಮೇಡಂನೋರು ನಮ್ಮ ಹೊಟ್ಟಿ ಮ್ಯಾಲ ಹೊಡಿಯಂಗದಾರಪಾ’ ಎಂದು ಅವನು ನಕ್ಕ. ನಾನು ಉಬ್ಬಿದೆ. ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವ್ವ ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ, ‘ನನ್ನ ಮಗಳಾ ಬರದಾಳ’ ಎಂದಳು.

ಆಮೇಲೆ ಹೋಟೆಲ್ಲಿನಲ್ಲಿ ಮಿರ್ಚಿ ತಿನ್ನುತ್ತ ಅಣ್ಣ ನನ್ನ ಕೈ ಮೇಲೆ ಕೈ ಇಟ್ಟ. ‘ಯವ್ವಾ, ಇದು ಬರೇ ಕಾಗದ. ನಿನಗ ಯಾವಾಗ ಏನ್ ಬೇಕಾದ್ರೂ ಒಂದು ಮಾತು ಅನ್ನು. ನಾ ಇಲ್ಲಂದ್ರ ಕೇಳು.’

ಆ ಒಂದು ಮಾತನ್ನು ನಾನು ಎಂಟು ವರ್ಷ ಖರ್ಚು ಮಾಡದೆ ಇಟ್ಟುಕೊಂಡಿದ್ದೆ. ಈಗ ಫೋನು ಮಾಡಿ ಅಂದೆ. ಚಿಕಿತ್ಸೆಗೆ ದುಡ್ಡು ಬೇಕು ಅಂದೆ, ಯಾವ ಚಿಕಿತ್ಸೆ ಎಂದು ಹೇಳಲಿಲ್ಲ.

‘ಎಷ್ಟು ಬೇಕು?’

‘ಮೂರೂವರಿ ಲಕ್ಷ ಅಣ್ಣ.’

‘ಅಷ್ಟಾ ಏನು? ರೋಡಿಗಿರೋ ಹೊಲ ಪೆಟ್ರೋಲ್ ಬಂಕಿನೋರಿಗೆ ಕೊಟ್ಟೀವಿ, ರೊಕ್ಕ ಬಂದಾದ. ಐತ್ವಾರ ಬಾ.’

ಅವತ್ತೇ ಆಸ್ಪತ್ರೆಗೆ ಫೋನು ಮಾಡಿ, ಸೋಮವಾರ ಕಟ್ಟುತ್ತೇನೆ, ದಾನಿಯನ್ನು ಗೊತ್ತು ಮಾಡಿರಿ ಎಂದೆ. ಅವ್ವನಿಗೆ ಮಾತ್ರ ಇದ್ದದ್ದನ್ನು ಇದ್ದಂತೆ ಹೇಳಿದೆ. ‘ಯಾರ ಮುಂದೂ ಅನ್ನಬ್ಯಾಡವ್ವ’ ಎಂದೂ ಹೇಳಿದೆ.

ಭಾನುವಾರ ಹೋದಾಗ ಮನೆಯ ಮುಂದೆ ಹೊಸ ಮೋಟರ್ ಸೈಕಲ್ಲು ನಿಂತಿತ್ತು. ಒಳಗೆ ಅಣ್ಣ, ಅತ್ತಿಗೆ, ಅವ್ವ. ಜೊತೆಗೆ ಊರ ಹಿರಿಯರೊಬ್ಬರು. ಅವರ ಪಿಂಚಣಿಯ ಅರ್ಜಿ ಬರೆದುಕೊಟ್ಟವಳು ನಾನೇ. ಯಾಕೆ ಬಂದಿದ್ದಾರೆಂದು ತಿಳಿಯದೆ ನಮಸ್ಕಾರ ಮಾಡಿ ಚಾಪೆಯ ಮೇಲೆ ಕೂತೆ. ಚಹಾ ಬಂತು. ಅಣ್ಣ ನನ್ನ ಮುಖ ನೋಡಲಿಲ್ಲ, ಹಿರಿಯರ ಕಡೆ ನೋಡಿಕೊಂಡೇ ಅಂದ, ‘ಏನ್ ಮಾಡಾಕತ್ತೀ ಅನ್ನೋದು ಅಜ್ಜಾರ ಮುಂದ ಹೇಳು. ಅವರೂ ಕೇಳಲಿ.’

ನಾನು ಅವ್ವನನ್ನು ನೋಡಿದೆ. ಅವ್ವ ನೆಲ ನೋಡುತ್ತಿದ್ದಳು.

‘ಯಾರದೋ ತತ್ತಿ, ಯಾವ ಊರೋ ಯಾವ ಕುಲಾನೋ. ಅದನ್ನ ಹೊಟ್ಯಾಗ ಇಟ್ಕೊಂಡು ಬರ್ತಾರಂತ ನಮ್ಮ ಟೀಚರಮ್ಮ’ ಎಂದಳು ಅತ್ತಿಗೆ. ಹೀಗೆ ನನ್ನ ಸಂಗತಿ ನನಗಿಂತ ಮೊದಲೇ ಆ ಚಾಪೆಯ ಮೇಲೆ ಬಂದು ಕೂತಿತ್ತು.

ಹಿರಿಯರು ಗಂಟಲು ಸರಿಮಾಡಿಕೊಂಡು, ‘ಓದಿದಾಕಿ ನೀನು. ಹಿಂಗ ಬ್ಯಾರೇರ ಬೀಜ ತರೋದು ಸರಿ ಕಾಣ್ತದೇನವ್ವ?’ ಎಂದರು.

‘ಯಜ್ಜಾ, ವರ್ಸಾ ವರ್ಸಾ ಮಾನ್ವಿ ಅಂಗಡ್ಯಾಗಿಂದ ಭತ್ತದ ಬೀಜದ ಚೀಲ ತರ್ತೀರಿ. ಬೆಳಿ ಬಂದ ಮ್ಯಾಲ ಕಂಪನೀದು ಅಂತೀರೋ, ನಿಮ್ದು ಅಂತೀರೋ?’

ಮುದುಕಪ್ಪನಿಗೆ ನಗು ತಡೆಯಲಾಗಲಿಲ್ಲ. ಚಹಾ ಮೂಗಿಗೇರಿ ಕೆಮ್ಮಿದರು. ‘ಇದರ ಬಾಯಿಗೆ ಹತ್ತಬಾರದಪಾ’ ಎಂದು ಟವೆಲಿನಲ್ಲಿ ಮುಖ ಒರೆಸಿಕೊಂಡರು. ಅಣ್ಣ ನಗಲಿಲ್ಲ.

‘ನಿನ್ನ ಸ್ವಂತ ರಕ್ತದ ಕೂಸು ಅಂದಿದ್ರ ಹೊಲ ಮಾರಿ ಕೊಡ್ತಿದ್ದೆ’ ಎಂದ. ಹೊಲ ಮಾರಿಯೇ ಇಟ್ಟುಕೊಂಡಿದ್ದ. ‘ಇದಕ್ಕ ಕೊಡಂಗಿಲ್ಲ. ಆ ಕೂಸು ನಾಳೆ ದೊಡ್ಡದಾಗಿ ಬಂದು ಪಾಲು ಕೇಳಿದ್ರ?’

‘ಕೇಳಂಗಿಲ್ಲಂತ ನಾನಾ ಬರದು ಕೊಟ್ಟೀನಲ್ಲಣ್ಣ.’

‘ಹೌದಲ್ಲ. ನೀನಾ ಬರದೀ. ನಿನಗ ಬರಬೇಕಾದ್ದೆಲ್ಲ ಮುಟ್ಟೇದ ಅಂತನೂ ನೀನಾ ಬರದೀ. ಮತ್ಯಾಕ ಬಂದಿ?’

ಅವನು ಈ ಮಾತನ್ನು ಸಿಟ್ಟಿನಲ್ಲಿ ಆಡಿದ್ದರೆ ಇಷ್ಟು ದಿನಕ್ಕೆ ಮರೆಯುತ್ತಿದ್ದೆನೇನೋ. ಸಿಟ್ಟಿರಲಿಲ್ಲ. ತಯಾರಾಗಿ ಬಂದ ಮಾತದು, ಪರೀಕ್ಷೆಗೆ ಬಾಯಿಪಾಠ ಮಾಡಿಕೊಂಡ ಹುಡುಗ ಒಪ್ಪಿಸುವ ಹಾಗೆ ಒಪ್ಪಿಸಿದ. ಆ ಪತ್ರವನ್ನು ಅವನು ಎಷ್ಟು ಸಲ ಓದಿಕೊಂಡಿರಬಹುದೆಂದು ಆಗ ನನಗೆ ಹೊಳೆಯಿತು.

ಎದ್ದೆ. ಅವ್ವ ಮೊರದಲ್ಲಿ ಅಕ್ಕಿ, ಒಣಕೊಬ್ಬರಿ, ಅರಿಶಿಣದ ಕೊಂಬು, ಅಡಿಕೆ ತಂದು ಅಡ್ಡ ನಿಂತಳು. ಹೆಣ್ಣುಮಗಳು ತವರಿನಿಂದ ಹೊರಡುವಾಗ ಉಡಿ ತುಂಬದೆ ಕಳಿಸುವುದಿಲ್ಲ. ಮಡಿಲು ತುಂಬಲಿ, ಮಕ್ಕಳಾಗಲಿ ಎಂಬ ಹಾರೈಕೆ ಅದು. ‘ಬ್ಯಾಡವ್ವ’ ಎಂದೆ.

‘ಬರೇ ಉಡೀಲೇ ಹೋಗಬಾರದವ್ವ.’

‘ಬರೇ ಉಡೀನೇ ಇರ್ಲಿ ಅಂತಾರಲ್ಲ, ನಿನ್ನ ಮಗನ್ನ ಕೇಳು.’

ಅವ್ವ ಮೊರ ಹಿಡಿದು ಬಾಗಿಲು ಬಿಟ್ಟು ಸರಿಯಲಿಲ್ಲ. ಕಡೆಗೆ ಸೆರಗೊಡ್ಡಿದೆ. ಅವ್ವ ಅಕ್ಕಿ ಸುರಿಯುತ್ತ ಪಿಸುಗುಟ್ಟಿದಳು, ‘ನಿನ್ನ ಸಲುವಾಗೇ ಹೇಳಿದೆ. ಜಲ್ದಿ ಕೊಡ್ಲಿ ಅಂತ.’ ಅವಳ ಮಾತು ಸುಳ್ಳಲ್ಲ, ಅದು ನನಗೆ ಗೊತ್ತು. ಆದರೂ ಅವತ್ತು ಅವಳ ಕಾಲು ಮುಟ್ಟದೆ ಬಂದುಬಿಟ್ಟೆ. ಬಸ್ಸಿನಲ್ಲಿ ಅಕ್ಕಿಯ ಗಂಟು ತೊಡೆಯ ಮೇಲಿತ್ತು. ನಮ್ಮ ಹೊಲದ್ದೇ ಅಕ್ಕಿ. ನಮ್ಮ ಅನ್ನುವುದು ಬಾಯಿಗೆ ರೂಢಿಯಾಗಿಬಿಟ್ಟಿದೆ.

ಸೋಮವಾರ ರಾಯಚೂರಿಗೆ ಹೋಗಿ, ಆಸ್ಪತ್ರೆಗೆ ಹೋಗುವ ಬದಲು ವಕೀಲರೊಬ್ಬರ ಹತ್ತಿರ ಹೋದೆ. ನನ್ನ ಪಾಲು ಇನ್ನೂ ಸಿಕ್ಕೀತೇ ಎಂದು ಕೇಳಿ, ಬಿಡುಗಡೆ ಪತ್ರದ ನಕಲು ಅವರ ಮುಂದಿಟ್ಟೆ. ಕನ್ನಡಕ ಏರಿಸಿ ಓದಿದರು, ಮತ್ತೊಮ್ಮೆ ಓದಿದರು. ಅವರ ಮುಖದಲ್ಲಿ ಸಂತೋಷವೇ ಕಂಡಿತು.

‘ಯಾರ್ ಬರದಾರ್ರಿ ಇದನ್ನ? ಇಷ್ಟು ಚೊಕ್ಕ ಪತ್ರ ನಮ್ಮ ಕಡಿ ನೋಡೇ ಇಲ್ಲ. ಕೈ ಹಾಕ್ಲಿಕ್ಕೆ ಒಂದು ಸಂದಿ ಬಿಟ್ಟಿಲ್ಲ ನೋಡ್ರಿ ಪುಣ್ಯಾತ್ಮ. ಹುಟ್ಟೋ ಮಕ್ಕಳನ್ನೂ ಸೇರ್ಸ್ಯಾನ!’

‘ನಾನಾ ಬರದೀನ್ರಿ’ ಎಂದೆ.

ಅವರು ಕನ್ನಡಕ ತೆಗೆದಿಟ್ಟರು. ಫೀಸು ತೆಗೆದುಕೊಳ್ಳಲಿಲ್ಲ. ಡಾಕ್ಟರ ಮುಂದೆ ಅಳದವಳು ಅವರ ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತೆ, ಮುಂದೆ ಹಣ್ಣಿನ ಗಾಡಿಯವನು ನೋಡುತ್ತಿದ್ದರೂ.

ಆಸ್ಪತ್ರೆಯವರು ಶುಕ್ರವಾರದ ತನಕ ಕಾಯುತ್ತೇವೆ, ಆಮೇಲೆ ಆ ದಾನಿ ಬೇರೆಯವರ ಪಾಲಿಗೆ ಎಂದರು. ಬುಧವಾರ ನಮ್ಮ ಸ್ಟಾಫ್ ರೂಮಿನ ಚೀಟಿಯ ದಿನ. ಹತ್ತು ಜನ ಶಿಕ್ಷಕಿಯರ ಚೀಟಿ, ಪ್ರತಿ ತಿಂಗಳು ಕೂಗಿ ತೆಗೆದುಕೊಳ್ಳಬೇಕು. ಅದನ್ನು ನಡೆಸುವವರು ಉರ್ದು ಕಲಿಸುವ ಹಿರಿಯ ಟೀಚರು. ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಮುಖ ನೋಡಿ, ‘ಈ ತಿಂಗಳು ಕೂಗೋದಿಲ್ಲ. ಚೀಟಿ ಇವರಿಗೆ ಕೊಡ್ತೀನಿ. ಯಾರಿಗೇನು ತಕರಾರು?’ ಎಂದರು. ಉಳಿದವರೆಲ್ಲ ಹೂಂ ಅಂದರು. ಯಾತಕ್ಕೆಂದು ಹೇಳಲು ಹೊರಟರೆ ಕೈ ಅಡ್ಡ ಮಾಡಿದರು. ‘ಕಾರಣ ಹೇಳಬ್ಯಾಡಮ್ಮ. ಹೇಳಿದ್ರ ನಾ ಯಾರಿಗರ ಹೇಳಿಬಿಡ್ತೀನಿ. ನನ್ನ ಬಾಯಿ ಭಾಳ ಕೆಟ್ಟ.’ ಚೀಟಿಯ ದುಡ್ಡು ಮೊದಲ ಅರ್ಧಕ್ಕಾಯಿತು. ಉಳಿದರ್ಧಕ್ಕೆ ನನ್ನ ಗಂಡ ಫ್ರಿಜ್ಜಿನ ಮೇಲಿನ ಕಾರ್ಡು ಮತ್ತೆ ಅಂಗಾತ ಮಾಡಿದ. ಆ ಕಂಪನಿಯ ಕಾಗದವನ್ನು ನಾನು ಮೂರು ಸಲ ಓದಿದೆ. ಒಂದಕ್ಷರವನ್ನೂ ತಿದ್ದಲಿಲ್ಲ.

ಈಗ ನನಗೆ ಐದನೆಯ ತಿಂಗಳು. ಊರಿಗೆ ಹೇಗೋ ಸುದ್ದಿ ಹೋಗಿದೆ. ಮೊನ್ನೆ ಅಣ್ಣನ ಫೋನು ಬಂತು, ಆ ಭಾನುವಾರದ ನಂತರ ಮೊದಲ ಸಲ.

‘ಕುಬಸ ಮಾಡಬೇಕಲ್ಲ ಯವ್ವಾ. ತವರಮನಿಯೋರು ಮಾಡಲಿಲ್ಲಂದ್ರ ಊರಾಗ ಜನ ಏನಂತಾರ?’ ಬಸುರಿ ಮಗಳಿಗೆ ಹಸಿರು ಸೀರೆ ಉಡಿಸಿ, ಕುಬಸ ತೊಡಿಸಿ ಆರತಿ ಮಾಡುವುದು ತವರಿನ ಹಕ್ಕು, ತವರಿನ ಮರ್ಯಾದೆ. ‘ಹಸರು ಸೀರಿ ತಂದೀವಿ. ಅಜ್ಜಾರಿಗೂ ನಾ ಹೇಳೀನಿ, ಆ ದವಾಖಾನಿ ಸುದ್ದಿ ಯಾರೂ ತೆಗಿಬಾರದು ಅಂತ. ನೀನೂ ತೆಗಿಬ್ಯಾಡ. ದೇವರು ಕಣ್ತೆರದ ಅಂದ್ರ ಮುಗೀತು.’

ಹಾಸ್ಟೆಲ್ಲಿನ ಗೇಟು ಕಣ್ಣ ಮುಂದೆ ಬಂತು, ಅವನ ಕೈಯಲ್ಲಿನ ರೊಟ್ಟಿಯ ಗಂಟು ಬಂತು. ಅವೆಲ್ಲ ನಡೆದದ್ದೇ, ಈಗಲೂ ನಿಜವೇ. ಅದಕ್ಕೇ ಇದು ಇಷ್ಟು ನೋಯುತ್ತದೆ.

‘ಬ್ಯಾಡಣ್ಣ’ ಎಂದೆ. ‘ನನಗ ಬರಬೇಕಾದ್ದೆಲ್ಲ ಮುಟ್ಟೇದ.’

ಅವನ ಹಿಂದೆ ಎಲ್ಲೋ ಅವ್ವ ಕೇಳುತ್ತಿದ್ದಳು: ‘ಏನಂದ್ಲು? ಬರ್ತಾಳಂತೇನು?’ ಅವನು ಏನು ಹೇಳಿದನೋ ನನಗೆ ಕೇಳಿಸಲಿಲ್ಲ.