ಮಣ್ಣು ಮುಚ್ಚಿದ ಹೊಸ್ತಿಲು

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಹೊಸ್ತಿಲನ್ನು. ಬಾಗಿಲಲ್ಲೇ ತಲೆ ತಗ್ಗಿಸಿ ನಿಂತವನನ್ನು ಕಂಡು, ಪಾಪ, ಇವನಿಗೆ ಚಪ್ಪಲಿಯ ಚಿಂತೆಯಿರಬೇಕೆಂದು ಅವರು "ಇಲ್ಲಿ ಯಾರೂ ಕದಿಯೋದಿಲ್ಲ, ಬನ್ನಿ" ಎಂದು ಧೈರ್ಯ ಹೇಳುತ್ತಾರೆ. ಜೊತೆಗಿರುವ ನನ್ನ ಹೆಂಡತಿಗೆ ಅದೊಂದು ತಪ್ಪದ ಅವಮಾನ.

ಈ ಚಾಳಿ ಅಂಟಿದ್ದು ಅರವತ್ತರ ದಶಕದ ಮೊದಲಲ್ಲಿ. ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದ ನನಗೆ ಸಂಶೋಧನೆಯ ಹುಚ್ಚು ಹಿಡಿದಿತ್ತು. ಶಾಲೆಯ ಕಟ್ಟಡಕ್ಕೂ ಮಕ್ಕಳ ಆರೋಗ್ಯಕ್ಕೂ ಕಲಿಕೆಗೂ ಇರುವ ನಂಟೇನು ಎಂಬುದು ನನ್ನ ವಿಷಯ. ಕೈಯಲ್ಲೊಂದು ಅಳತೆಯ ಟೇಪು ಹಿಡಿದು ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡದ ಹಳ್ಳಿಗಳನ್ನು ಸುತ್ತಿದೆ. ಪಾವಗಡದ ಕಡೆ ಒಬ್ಬಾಕೆ ಟೇಪು ನೋಡಿ ರವಿಕೆಯ ಬಟ್ಟೆ ತಂದು ಮುಂದಿಟ್ಟಳು. ಸಂಶೋಧಕನಿಗಿಂತ ದರ್ಜಿಯೇ ಆಗಿದ್ದರೆ ಊರಿಗೆ ಹೆಚ್ಚು ಉಪಕಾರವಾಗುತ್ತಿತ್ತೋ ಏನೋ.

ಕಿಟಕಿ ಅಳೆದೆ, ಸೂರು ಅಳೆದೆ. ಹೊಸ್ತಿಲನ್ನು ಅಳೆಯಬೇಕೆಂದು ಮಾತ್ರ ಹೊಳೆದಿರಲಿಲ್ಲ. ದಾಟುವವನಿಗೆ ಅದು ಕಾಣುವುದಿಲ್ಲ, ನೋಡಿ. ಪಾವಗಡದವರು ಅದನ್ನು ಗಡಪ ಎನ್ನುತ್ತಾರೆ, ಸಿರಾದ ಸಾಬರ ಮನೆಗಳಲ್ಲಿ ಚೌಖಟ್. ಹೆಸರು ಬೇರೆ, ಕಟ್ಟಳೆ ಒಂದೇ: ಮೆಟ್ಟಬಾರದು, ಅದರ ಮೇಲೆ ಕೂರಬಾರದು. ಒಳಗೂ ಅಲ್ಲದ ಹೊರಗೂ ಅಲ್ಲದ ಆ ಜಾಗದಲ್ಲಿ ಪುರಾಣದ ದೇವರೇ ಕೂತು ರಾಕ್ಷಸನ ಹೊಟ್ಟೆ ಬಗೆದಿದ್ದಾನೆ. ಚೇಳು ಬರದಂತೆ ಎತ್ತರ ಮಾಡಿದ ಮರದ ದಿಮ್ಮಿಗೆ ಅರಿಸಿನ ಕುಂಕುಮ ಹಚ್ಚಿ ನಾವೂ ಅದನ್ನು ದೇವರೇ ಮಾಡಿದ್ದೇವೆ.

ಗೌಡಗೆರೆ ಹೋಬಳಿಯ ಒಂದು ಹಳ್ಳಿಯಲ್ಲಿ ಶಾಲೆ ನಡೆಯುತ್ತಿದ್ದುದು ಸಿರಾದ ಸಾಬರೊಬ್ಬರ ಹಳೆಯ ಕಡಲೆಕಾಯಿ ಗೋದಾಮಿನಲ್ಲಿ. ಇಲಿ, ನೀರು ಒಳಗೆ ಬಾರದಂತೆ ಹೊಸ್ತಿಲು ಮೊಣಕಾಲೆತ್ತರ. ಹೊರಗೆ ಸೂರಿನ ಕೆಳಗೆ ಕೆಂಚಮ್ಮ ಎಂಬ ಹುಡುಗಿ ಕೂತಿರುತ್ತಿದ್ದಳು. ಹಸುಗೂಸಾಗಿದ್ದಾಗ ಜ್ವರ ಬಂದು ಎರಡು ಕಾಲೂ ಸೋತಿದ್ದವು. ಕೈಯೂರಿ ತೆವಳುತ್ತಿದ್ದಳು. ಒಳಗೆ ಮಕ್ಕಳು ಹೇಳುವ ಮಗ್ಗಿಯನ್ನು ಕೇಳಿ ಕೇಳಿ ಇವಳು ಅವರಿಗಿಂತ ಮೊದಲೇ ಮುಗಿಸುತ್ತಿದ್ದಳು. ಆದರೆ ಒಂದಕ್ಷರ ಬಾರದು. ಕಪ್ಪುಹಲಗೆ ಒಳಗಿತ್ತು.

"ಮೇಷ್ಟ್ರು ಎತ್ತಿ ಒಳಗೆ ಕೂರಿಸಲ್ವೇನಮ್ಮ?" ಎಂದೆ.

"ಎತ್ತುತೀನಿ ಅಂತಾರೆ ಸಾ. ನಡುವೆ ಹೊರಕ್ಕೋಗ್ಬೇಕು ಅನ್ಸಿದ್ರೆ? ಅದ್ಕೂ ಮೇಷ್ಟ್ರನ್ನೇ ಕರೀಲಾ?"

ತಾನೇ ದಾಟಬೇಕೆಂದರೆ ಹೊಸ್ತಿಲ ಮೇಲೆ ಕೂತೇ ದಾಟಬೇಕು. ಅದಕ್ಕೆ ಅವಳ ಅಜ್ಜಿ ಒಪ್ಪಳು. "ಹೊಸ್ಲು ಮ್ಯಾಲೆ ಕುಂತ್ರೆ ಮನೆ ಯಜಮಾನ್ರಿಗೆ ಕೇಡು ಕಣ್ ಸಾಮಿ. ಜಾಗ ಕೊಟ್ಟ ಪುಣ್ಯಾತ್ಮಂಗೆ ನನ್ ಮೊಮ್ಮಗ್ಳಿಂದ ಕೇಡಾಗ್ಬೇಕಾ? ಬರೋ ವರ್ಸದಿಂದ ಇವ್ಳನ್ನ ಮನೇಲೇ ಬುಡ್ತೀನಿ" ಎಂದಳು ಆ ಮುದುಕಿ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಬಹಳ ಪ್ರಯತ್ನಿಸಿದೆ, ಆಗಲಿಲ್ಲ. ಹುಡುಗಿಯನ್ನು ಯಾರೂ ತಡೆದಿರಲಿಲ್ಲ. ಎಲ್ಲರೂ ಒಳ್ಳೆಯವರೇ. ಆದರೂ ಅವಳು ಹೊರಗಿದ್ದಳು. ಆ ದಿನ ನನಗೆ ನಿಜಕ್ಕೂ ಸಂಕಟವಾಯಿತು.

ಮೇಷ್ಟ್ರೂ ನಾನೂ ಸಿರಾದ ಬಸ್ಸು ಹತ್ತಿ ಸಾಬರ ಅಂಗಡಿಗೆ ಹೋದೆವು. ಹೊಸ್ತಿಲು ಕೊಯ್ಯಿಸಲು ಅಪ್ಪಣೆ ಬೇಡುವುದೆಂದು ನನ್ನ ಲೆಕ್ಕ. ಕೆಂಚಮ್ಮನ ಅಜ್ಜಿಯ ಮಾತನ್ನು ಹೇಳಿದಾಗ ಸಾಬರು ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ.

"ನಮ್ಮ ಅಮ್ಮಿನೂ ಚೌಖಟ್ ಮೇಲೆ ಕೂರಕ್ಕೆ ಬುಡ್ತಿರ್ಲಿಲ್ಲ ಸಾರ್. ಕೊಯ್ಸಿದ್ರೆ ಆಯಮ್ಮ ಇನ್ನೂ ಹೆದರ್ಕತಾಳೆ. ಎರಡೂ ಕಡೆ ಮಣ್ಣು ಹಾಕಿ ಮುಚ್ಚಿಬುಡಿ. ಆಮೇಲೆ ಮಗು ಕೂರೋದು ಮಣ್ಣಿನ ಮೇಲೆ ತಾನೆ?"

"ಬಾಗಿಲು ಹಾಕೋಕಾಗಲ್ವಲ್ಲ?" ಎಂದರು ಮೇಷ್ಟ್ರು.

"ಅಲ್ಲಿ ಈಗ ನನ್ ಕಡಲೆಕಾಯಿ ಐತಾ ಮೇಷ್ಟ್ರೇ? ಬಾಗ್ಲು ಹಾಕಿ ಏನ್ ಕಾಯ್ತೀರಿ?"

ಮಕ್ಕಳೆಲ್ಲ ಸೇರಿ ಕೆರೆಯ ಮಣ್ಣು ಹೊತ್ತು ತಂದರು. ಒಳಗೂ ಹೊರಗೂ ಇಳಿಜಾರು ಮಾಡಿ, ತುಳಿದು, ಸಗಣಿ ಸಾರಿಸಿದರು. ಅಜ್ಜಿ ಬಂದು ಕಾಲಿನಿಂದ ಒತ್ತಿ ನೋಡಿ, ಕೆಳಗಿದ್ದ ಹೊಸ್ತಿಲಿಗೆ ಮಣ್ಣಿನ ಮೇಲಿಂದಲೇ ಕೈಮುಗಿದು ಪಕ್ಕಕ್ಕೆ ಸರಿದಳು. ಕೆಂಚಮ್ಮ ಕೈಯೂರಿಕೊಂಡು ಹತ್ತಿದಳು, ಇಳಿದಳು, ಮಗ್ಗಿ ಬರೆದಿದ್ದ ಹಲಗೆಯ ಮುಂದೆ ಹೋಗಿ ಕೂತಳು. ಬಹಳ ಹೊತ್ತು ನೋಡಿ, "ಎಲ್ಡೊಂದ್ಲ ಎಲ್ಡು ಅಂದ್ರೆ ಇಂಗಿರ್ತದಾ?" ಎಂದಳು. ಮೇಷ್ಟ್ರು ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ನನ್ನ ಬಳಿ ಒರೆಸಲು ಕನ್ನಡಕವೂ ಇರಲಿಲ್ಲ.

ಮಾರನೆಯ ವರ್ಷ ಮತ್ತೆ ಹೋದೆ. ಇಳಿಜಾರನ್ನು ಹೊಸದಾಗಿ ಸಾರಿಸಿದ್ದರು. ಬಾಗಿಲೇ ಇರಲಿಲ್ಲ. ಮೇಕೆಗಳಂತೂ ಸಲೀಸಾಗಿ ಪಾಠಕ್ಕೆ ಬಂದು ಹೋಗುತ್ತಿದ್ದವು. ಸಂಶೋಧಕನಲ್ಲವೆ, ಕೊರತೆ ಕಂಡೊಡನೆ ಪೆನ್ನು ತೆಗೆದೆ.

"ಏನ್ ಬರ್ಕಂತಿದೀರಾ ಸಾ?" ಕೆಂಚಮ್ಮ ಕೇಳಿದಳು.

"ಶಾಲೆಗೆ ಬಾಗಿಲಿಲ್ಲ ಅಂತ."

"ಐತಲ್ಲ ಸಾ!" ಎಂದು ಅವಳು ಪಕ್ಕಕ್ಕೆ ಸರಿದಳು. ಹಿಂದೆ, ಗೋಡೆಗೆ ಒರಗಿಸಿ ನೆಲದ ಮೇಲೇ ನಿಲ್ಲಿಸಿದ್ದ ಬಾಗಿಲು. ಅದಕ್ಕೆ ಮಸಿ ಬಳಿದು ಹಲಗೆ ಮಾಡಿದ್ದರು. ಕೂತವಳ ಕೈಗೆ ಸರಿಯಾಗಿ ನಿಲುಕುವ ಎತ್ತರದಲ್ಲಿ, ಸುಣ್ಣದ ಕಡ್ಡಿಯಿಂದ, ದಪ್ಪ ದಪ್ಪವಾಗಿ ಅವಳ ಹೆಸರಿತ್ತು. ಕೊನೆಯ ಒತ್ತು ಮಾತ್ರ ಬಾಗಿಲಿನ ಬಿರುಕಿನೊಳಕ್ಕೆ ಇಳಿದಿತ್ತು.