ಹುಳದ ಕೋಣೆಯ ಜಪಾನೀ ಮಾತು

ನನ್ನ ಅತ್ತೆಯ ಹೆಬ್ಬೆರಳ ಉಗುರು ಹಿಪ್ಪುನೇರಳೆ ಸೊಪ್ಪಿನ ಕರೆ ಹಿಡಿದು ಸದಾ ಕಪ್ಪಗಿರುತ್ತಿತ್ತು. ಹಬ್ಬದ ದಿನ ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಮಾಲೂರಿನಿಂದ ಯಲ್ದೂರಿಗೆ ಸೊಸೆಯಾಗಿ ಬಂದಾಗ ನಾನು ಮೊದಲು ನೋಡಿದ್ದು ಆ ಉಗುರನ್ನೇ. ಮುಖ ನೋಡಲು ಧೈರ್ಯವಿರಲಿಲ್ಲ.

ರೇಷ್ಮೆ ಹುಳ ಸಾಕುವ ಕೋಣೆಯಲ್ಲಿ ಅವರದು ಒಂದೇ ಕಟ್ಟಪ್ಪಣೆ: ಕೆಟ್ಟದ್ದನ್ನು ಬಾಯಿಬಿಟ್ಟು ಹೇಳಬಾರದು. ಒಂದು ಸತ್ತಿತು ಎಂದರೆ ಉಳಿದವು ಕೇಳಿಸಿಕೊಳ್ಳುತ್ತವಂತೆ. "ತೆಲುಗಲ್ಲಿ ಹೇಳಬೋದಾ ಅತ್ತೆ?" ಎಂದು ಕೇಳಿದ್ದಕ್ಕೆ, "ಈ ಸೀಮೆ ಹುಳಕ್ಕೆ ತೆಲುಗು ಬರಲ್ವೇನೇ?" ಎಂದು ಗದರಿದ್ದರು.

ಎಂಬತ್ತರ ದಶಕದ ಆ ದಿನಗಳಲ್ಲಿ ರೇಷ್ಮೆ ಅಧಿಕಾರಿಯ ಜೊತೆ ಜಪಾನಿನ ತಜ್ಞರೊಬ್ಬರು ಬರುತ್ತಿದ್ದರು. ಅತ್ತೆ ಅವರಿಗೆ ಜಗಲಿಯ ಮೇಲೆ ಮಜ್ಜಿಗೆ ಕೊಟ್ಟು, ಅಧಿಕಾರಿಯ ಮೂಲಕ ಕೇಳಿದರು: "ಗ್ರಾಚಾರ ಕೆಟ್ರೆ ನಿಮ್ಮ ಕಡೆ ಏನಂತೀರ ಸಾಮಿ?"

"ಉನ್ ಗ ವರುಯ್," ಎಂದರು ಅವರು. ಅಪಶಕುನಕ್ಕೆ "ಎಂಗಿ ಗ ವರುಯ್". ಕೈಮೀರಿದ್ದಕ್ಕೆ "ಶಿಕತ ಗ ನೈ".

ಅಧಿಕಾರಿ ನಕ್ಕರು. "ಈ ಹೊಸ ತಳಿ ಹುಳ ಜಪಾನಿಂದಾನೇ ಬಂದಿರೋದಮ್ಮ, ಇದಕ್ಕೆ ಅರ್ಥ ಆಗ್ಬಿಡುತ್ತೆ."

"ಇಲ್ಲಿ ಹುಟ್ಟಿದ್ದಲ್ವಾ, ಮರ್ತಿರ್ತವೆ ಬಿಡಿ," ಎಂದರು ಅತ್ತೆ.

ಸೊಪ್ಪು ಹೆಚ್ಚುತ್ತಾ ಆ ಮೂರು ಮಾತನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದರು, ನನಗೂ ಮಾಡಿಸಿದರು. ಹುಳದ ತಟ್ಟೆಯ ಹತ್ತಿರ ಇಲಿ ಕಂಡರೆ ನಾನು "ಉನ್ ಗ ವರುಯ್" ಎಂದು ಕೂಗುವುದು, ಅವರು ಕೋಲು ಹಿಡಿದು ಓಡಿ ಬರುವುದು. ಇಬ್ಬರಿಗೂ ನಕ್ಕು ನಕ್ಕು ಸಾಕಾಗುತ್ತಿತ್ತು.

ಆ ವರ್ಷವೇ ಮಳೆ ಹಿಡಿದು, ಇನ್ನೇನು ಗೂಡು ಕಟ್ಟಬೇಕಿದ್ದ ಹುಳವೆಲ್ಲ ರೋಗ ಬಂದು ಸತ್ತವು. ತಾಯಲೂರಿನಿಂದ ಬಂದ ಮಾವನ ಅಕ್ಕ ಹುಳದ ಕೋಣೆಯ ಬಾಗಿಲಲ್ಲಿ ನಿಂತು, "ಎಲ್ಲಾ ಇವಳ ಕಾಲ್ಗುಣ ಕಣೇ. ತವರಿಗೆ ಕಳಿಸಿಬಿಡು," ಎಂದರು. ಮಾವ ತಲೆ ತಗ್ಗಿಸಿದರು. ನನ್ನ ಗಂಡ ತಟ್ಟೆಯೊಂದನ್ನು ಎತ್ತಿಕೊಂಡು ಹಿತ್ತಲಿಗೆ ನಡೆದರು. ಹಾಗೆ ತವರಿಗೆ ಹೋದ ಹೆಣ್ಣನ್ನು ಮತ್ತೆ ಕರೆತರುವವರು ಆಗ ಅಪರೂಪ.

ಅತ್ತೆ ಜಪಾನೀ ಮಾತಾಡಲಿಲ್ಲ. ಆ ಕೋಣೆಯೊಳಗೇ ನಿಂತು, ಬೀದಿಗೆ ಕೇಳುವ ಹಾಗೆ ಕನ್ನಡದಲ್ಲೇ ಹೇಳಿದರು: "ಹುಳ ಸತ್ತೋಗಿದೆ ಅಕ್ಕಾ. ಒದ್ದೆ ಸೊಪ್ಪು ಹಾಕಿ ರೋಗ ಬರ್ಸಿದೋಳು ನಾನು. ಕಳಿಸೋದಾದ್ರೆ ನನ್ನ ಕಳ್ಸಿ."

ಅಕ್ಕ ಕಾಫಿಯನ್ನೂ ಕುಡಿಯದೆ ಬಸ್ಸು ಹತ್ತಿದರು.

ಅತ್ತೆ ತೀರಿಕೊಂಡು ಬಹಳ ಕಾಲವಾಯಿತು. ಹಾಸಿಗೆ ಹಿಡಿದಿದ್ದಾಗ ಗಂಜಿ ಕುಡಿಸುತ್ತಾ ಒಮ್ಮೆ ಕೇಳಿದ್ದೆ: "ಅವತ್ತು ಅದು ನಿಜವಾಗ್ಲೂ ನಿಮ್ಮ ಸೊಪ್ಪಿನಿಂದಲೇ ಆಗಿದ್ದಾ ಅತ್ತೆ?"

"ಯಾರಿಗೆ ಗೊತ್ತೇ? ಆ ಮಳೇಲಿ ಊರೆಲ್ಲಾ ಒದ್ದೆ ಸೊಪ್ಪೇ ಹಾಕಿದ್ದು. ನೀನು ಮನೇಲಿರಬೇಕು ಅನ್ನಿಸ್ತು, ಅಂದ್ಬಿಟ್ಟೆ."

ಇದೇ ಮನೆಯಲ್ಲಿ ಈಗ ನನ್ನ ಮೊಮ್ಮಕ್ಕಳು ಆಡುತ್ತಿವೆ. ಅದಷ್ಟೂ ಅತ್ತೆಯ ಋಣ.