ಚಿಕ್ಕಗೌರಮ್ಮ ಬಿಟ್ಟ ದಾರಿ

"ನನ್ನ ತೋಟ್ದಾಗೆ ಇರುವೆ ಸೈತ ನನ್ನ ಕೇಳ್ದೆ ಸಾಲು ಕಟ್ಟಲ್ಲ ಕಣ್ಲಾ" ಎಂದು ನಂಜುಂಡಪ್ಪ ಕಿಬ್ಬನಹಳ್ಳಿ ಕ್ರಾಸಿನ ಟೀ ಅಂಗಡಿಯಲ್ಲಿ ಹೇಳದ ದಿನವಿಲ್ಲ. ಕೇಳಿ ಕೇಳಿ ಅಂಗಡಿಯ ಬೆಂಚಿಗೂ ಅದು ಬಾಯಿಪಾಠವಾಗಿತ್ತು. ಅವನ ಹೆಂಡತಿ ಚಿಕ್ಕಗೌರಮ್ಮ ಮಾತ್ರ ಈ ಮಾತಿಗೆ ಹೂಂ ಅಂದವಳೂ ಅಲ್ಲ, ಊಹೂಂ ಅಂದವಳೂ ಅಲ್ಲ. ಅವಳು ಸುಮ್ಮನಿದ್ದಾಳೆ ಅಂದರೆ ಒಳಗೇನೋ ಬೇಯುತ್ತಿದೆ ಎಂದು ಕೊಟ್ಟಿಗೆಯ ಹಸುವಿಗೂ ಗೊತ್ತಿತ್ತು.

ನಂಜುಂಡಪ್ಪನಿಗೆ ಲೋಕದಲ್ಲಿ ಒಂದೇ ಹೆದರಿಕೆ: ದಾರಿ. ಅವನಪ್ಪನ ಕಾಲದಲ್ಲಿ ಪಕ್ಕದ ತೋಟದ ದುರ್ಗಯ್ಯ ಗೊಬ್ಬರದ ಗಾಡಿ ಹೊಡೆದುಕೊಳ್ಳಲಿ ಎಂದು ಒಂದು ಬೇಸಿಗೆ ದಾರಿ ಬಿಟ್ಟಿದ್ದರು. ಮುಂದಿನ ಬೇಸಿಗೆಗೆ ದುರ್ಗಯ್ಯ ಅದು ತನ್ನದೇ ದಾರಿ ಎಂದ. ಕೋರ್ಟು ಹತ್ತಿದರು. ವಾದಿ ಸತ್ತ, ಪ್ರತಿವಾದಿ ಸತ್ತ, ಇಬ್ಬರ ವಕೀಲರೂ ಸತ್ತರು. ಕೇಸಿಗೆ ಮಾತ್ರ ಮೀಸೆ ಬಂದು, ಆ ಮೀಸೆಯೂ ನೆರೆತು, ಇನ್ನೂ ಗಟ್ಟಿಮುಟ್ಟಾಗಿ ಓಡಾಡುತ್ತಿದೆ. ಅಂದಿನಿಂದ ಆ ಮನೆಯಲ್ಲಿ ಒಂದೇ ಕಾನೂನು: ಹುಲ್ಲು ಸವೆದು ಜಾಡು ಬಿದ್ದರೆ ಆ ನೆಲ ಹೋಯಿತು. ಜಾಡು ಬಿದ್ದಿದೆಯೇ ಎಂದು ನೋಡಲು ನಂಜುಂಡಪ್ಪ ದಿನಾ ಮೊಪೆಡ್ ಮೇಲೆ ಕೂತೇ ಬೇಲಿ ಸುತ್ತುತ್ತಿದ್ದ. ನಡೆಯುವುದು ಅವನ ಜಾತಕದಲ್ಲಿರಲಿಲ್ಲ. ಬಚ್ಚಲಿನ ಬಾಗಿಲು ಇನ್ನೊಂದು ಗೇಣು ಅಗಲವಿದ್ದಿದ್ದರೆ ಸ್ನಾನಕ್ಕೂ ಮೊಪೆಡ್ಡಿನಲ್ಲೇ ಹೋಗುತ್ತಿದ್ದ.

ಆ ತೋಟದ ಒಂದು ಮಗ್ಗುಲಿಗೆ ಹೆಣ್ಣುಮಕ್ಕಳ ಹಾಸ್ಟೆಲು, ಇನ್ನೊಂದು ಮಗ್ಗುಲಿಗೆ ಕಾಲೇಜು. ನಡುವೆ ಒಂದು ಕೂಗಳತೆ ತೆಂಗಿನ ನೆರಳು. ಆದರೂ ಹುಡುಗಿಯರು ಹೈವೇ ಸುತ್ತಿಯೇ ಹೋಗಬೇಕು. ಲಾರಿ ಹಾರನ್ನಿಗೆ ಪಾತ್ರೆಯ ಹಾಲು ಒಡೆಯುವಂಥ ರಸ್ತೆ. ನಡೆಯಲು ಹೆದರಿ ಆಟೋ ಹತ್ತಿದರೆ, ಕೊಬ್ಬರಿ ಚೀಲ ತುಂಬಿದಂತೆ ತುಂಬುತ್ತಿದ್ದರು. ಇಳಿದ ಮೇಲೆ ಯಾವ ಕಾಲು ಯಾರದೆಂದು ವಿಚಾರಿಸಿಕೊಂಡೇ ಕ್ಲಾಸಿಗೆ ಹೋಗಬೇಕು.

ಚಿಕ್ಕಗೌರಮ್ಮನ ಕಿರಿತಮ್ಮನ ಮಗಳು ಚೈತ್ರ ಆ ಹಾಸ್ಟೆಲಿನಲ್ಲಿದ್ದಳು. ಹುಳಿಯಾರಿನ ಹತ್ತಿರದ ಕೆಂಕೆರೆಯಲ್ಲಿ ದಿನವಿಡೀ ಹೊಲದಲ್ಲಿ ಕಾಲಾಡಿಸಿ ಬೆಳೆದ ಹುಡುಗಿ. ಇಲ್ಲಿಗೆ ಬಂದು ನಾಲ್ಕು ತಿಂಗಳಿಗೆ ಎಷ್ಟು ಸೊರಗಿದಳೆಂದರೆ, ಪಕ್ಕಕ್ಕೆ ತಿರುಗಿ ಕೂತರೆ ಮೇಷ್ಟ್ರು ಗೈರುಹಾಜರಿ ಹಾಕಿಬಿಡುತ್ತಿದ್ದರು. ಒಂದು ಭಾನುವಾರ ಅತ್ತೆಯ ಮನೆಗೆ ಬಂದವಳು ಜಗಲಿಯ ಮೇಲೆ ಕೂತು ಹೇಳಿದಳು:

"ಟ್ರಂಕು ಕಟ್ಟಿಟ್ಟಿದೀನಿ ಅತ್ತೆ. ಹಬ್ಬಕ್ಕೆ ಊರಿಗೆ ಹೋದೋಳು ವಾಪಸ್ ಬರಲ್ಲ."

"ಪಾಠ ತಲೆಗೆ ಹತ್ತಲ್ವೇನೇ?"

"ಹತ್ತುತ್ತೆ. ಆದ್ರೆ ಎದೆ ಮೇಲೆ ಯಾರೋ ಕೂತ್ಹಂಗೆ ಆಗುತ್ತೆ. ರೂಮು, ಆಟೋ, ಕ್ಲಾಸು, ಆಟೋ, ರೂಮು. ನಿದ್ದೆ ಬರಲ್ಲ, ಊಟ ಸೇರಲ್ಲ."

"ನಮ್ಮನೇಲೇ ಇದ್ಬುಡು."

"ನಾನಿರ್ತೀನಿ. ಮಂಜುಶ್ರೀ, ಶಶಿರೇಖಾ ಎಲ್ಲಾ ಹಿಂಗೇ ಅವ್ರೆ. ಇಡೀ ಹಾಸ್ಟೆಲಿಗೆ ಹಾಸಿಗೆ ಹಾಕ್ತೀಯಾ?"

ಹುಡುಗಿ ಎದ್ದು ತೋಟದೊಳಗೆ ಒಂದು ಸುತ್ತು ಅಡ್ಡಾಡಿ ಬಂದಳು. ಬಂದವಳೇ ಎರಡು ಮುದ್ದೆ ಮುರಿದಳು. ಚಿಕ್ಕಗೌರಮ್ಮ ಸೌಟು ಹಿಡಿದುಕೊಂಡೇ ನೋಡುತ್ತ ನಿಂತಳು.

ರಾತ್ರಿ ಊಟಕ್ಕೆ ಕೂತ ಗಂಡನ ಮುಂದೆ, ಹುಡುಗಿಯರನ್ನು ತೋಟದೊಳಗಿಂದ ನಡೆಯಲು ಬಿಡುವ ಮಾತು ತೆಗೆದಳು. ಅವನು ತುತ್ತು ತಟ್ಟೆಗೇ ಬಿಟ್ಟ.

"ನಿನ್ನ ಸೊಸೆ ಬೇಕಾದ್ರೆ ನೂರು ವರ್ಷ ಇಲ್ಲಿರ್ಲಿ. ದಾರಿ ಮಾತೆತ್ಬೇಡ ಕಣೇ. ಹುಲ್ಲು ಸವೆದ್ರೆ ನೆಲ ಹೋಯ್ತು."

"ಸವೀದೆ ಇದ್ರೆ?"

"ಸವೀದೆ ಇದ್ರೆ ಅದು ದಾರಿನೇ ಅಲ್ವಲ್ಲ."

"ಸರಿ ಬುಡಿ" ಎಂದು ಅವಳು ಇನ್ನೊಂದು ಸೌಟು ಸಾರು ಬಡಿಸಿದಳು.

ಮಾರನೆಯ ದಿನವೇ ಹಾಸ್ಟೆಲಿನ ವಾರ್ಡನ್ನಿನ ಹತ್ತಿರ ಮಾತಾಡಿ ಬಂದಳು. ಗಂಡ ಟೀ ಅಂಗಡಿ ಸೇರುವ ಹೊತ್ತಿಗೆ ತೋಟದ ಬಾಯಲ್ಲಿ ನಿಂತು ಹುಡುಗಿಯರನ್ನು ಒಳಗೆ ಬಿಟ್ಟಳು. ಒಂದೇ ಕರಾರು: ಇವತ್ತು ಹೋದ ತೆಂಗಿನ ಸಾಲಿನಲ್ಲಿ ನಾಳೆ ಹೋಗುವಂತಿಲ್ಲ. ಇವತ್ತು ಬೇಲಿ ಪಕ್ಕದ ಸಾಲು, ನಾಳೆ ಅದರಾಚೆಯದು, ನಾಡಿದ್ದು ಬಾವಿ ಪಕ್ಕದ್ದು. ಎಲ್ಲಾ ಸಾಲು ಮುಗಿಸಿ ಮೊದಲಿನದಕ್ಕೆ ಬರುವಷ್ಟರಲ್ಲಿ ತುಳಿದ ಹುಲ್ಲು ಮೈಮುರಿದು ಎದ್ದು ನಿಂತಿರುತ್ತಿತ್ತು. ನಂಜುಂಡಪ್ಪ ಬೇಲಿ ಸುತ್ತುತ್ತಲೇ ಇದ್ದ. ಜಾಡು ಕಾಣಲಿಲ್ಲ.

ಆದರೆ ಹಾಸ್ಟೆಲಿನ ಅಡುಗೆಯ ಹುಚ್ಚಕ್ಕನಿಗೆ ಕಂಡಿತು. "ಏನ್ ಮಾಡ್ದೆ ಗೌರಮ್ಮ? ಹಿಟ್ಟು ಸಾಲ್ತಿಲ್ಲ. ನಿನ್ನೆ ಒಬ್ಬಳು ಮುದ್ದೆ ಕೋಲನ್ನೂ ತಿನ್ನೋ ಹಂಗೆ ನೋಡ್ತಿದ್ಲು" ಎಂದು ಜಗಳಕ್ಕೇ ಬಂದಳು. ಮಾತೇ ಆಡದ ಮಂಜುಶ್ರೀ ಈಗ ಬಾಯಿ ಮುಚ್ಚುತ್ತಿರಲಿಲ್ಲ. ಹಬ್ಬಕ್ಕೆ ಊರಿಗೆ ಹೋದ ಚೈತ್ರ, ರಜೆ ಮುಗಿಯುವ ಮುಂಚೆಯೇ ಬಸ್ಸಿಳಿದಳು.

ಒಂದು ದಿನ ಮೊಪೆಡ್ ಕ್ರಾಸಿನಲ್ಲೇ ಕೆಟ್ಟು ನಿಂತಿತು. ವಿಧಿಯಿಲ್ಲದೆ ನಂಜುಂಡಪ್ಪ ಕಾಲನ್ನು ಕೆಲಸಕ್ಕೆ ಹಚ್ಚಿದ. ತೋಟಕ್ಕೆ ಕಾಲಿಟ್ಟರೆ, ಮರಕ್ಕೊಬ್ಬಳಂತೆ ಹುಡುಗಿಯರು.

"ಯಾರು ಬಿಟ್ಟಿದ್ದು ಇವರ್ನ?"

"ನಾನೇಯಾ" ಎಂದಳು ಚಿಕ್ಕಗೌರಮ್ಮ.

"ದಾರಿ ಮಾಡ್ಬುಟ್ಟಲ್ಲೇ."

"ಎಲ್ಲೈತೆ ದಾರಿ? ತೋರ್ಸಿ."

ನಂಜುಂಡಪ್ಪ ಬಗ್ಗಿ ಹುಡುಕಿದ. ಒಂದು ಸಾಲು ನೋಡಿದ, ಇನ್ನೊಂದು ನೋಡಿದ. ಹುಡುಗಿಯರೆಲ್ಲ ಅವನ ಹಿಂದೆ ಮೆರವಣಿಗೆ ಹೊರಟರು. ಆ ತೋಟದಲ್ಲಿ ಅವನು ಅವತ್ತು ನಡೆದಷ್ಟನ್ನು ನೆಟ್ಟಗೆ ನಡೆದಿದ್ದರೆ ಕಾಶಿ ಮುಟ್ಟಿ, ಮಿಂದು, ಊಟದ ಹೊತ್ತಿಗೆ ವಾಪಸು ಬಂದಿರಬಹುದಿತ್ತು. ಜಾಡು ಸಿಗಲಿಲ್ಲ. ಸುಸ್ತಾಗಿ ಮರಕ್ಕೊರಗಿ ಕೂತವನಿಗೆ ಚೈತ್ರ ನೀರಿನ ಬಾಟಲಿ ಕೊಟ್ಟಳು.

"ಹಸಿವಾಯ್ತಾ ಮಾವ? ನಮ್ಗೂ ಹಿಂಗೇ ಆಗದು."

ಅವನು ನೀರು ಕುಡಿದು ಅವಳ ಮುಖ ನೋಡಿದ. "ನೀನು ಕಾಲೇಜು ಬಿಡ್ತೀನಿ ಅಂತಿದ್ಯಂತೆ?"

"ಅಂತಿದ್ದೆ. ಟ್ರಂಕು ಬಿಚ್ಚಿದೆ ಮಾವ."

ಅವನು ಬಾಟಲಿಯ ಮುಚ್ಚಳ ತಿರುಗಿಸಿ ಅವಳ ಕೈಗಿಟ್ಟ. ಆಮೇಲೆ ಹೆಂಡತಿಗೆ ಕೇಳುವಂತೆ, "ಇದು ದಾರಿ ಅಲ್ಲ, ನನ್ನ ದಯೆ. ಮನಸ್ಸು ಕೆಟ್ರೆ ನಾಳೆನೇ ಬೇಲಿ ಬಿಗೀತೀನಿ" ಎಂದ.

ಮನಸ್ಸು ಕೆಡಲಿಲ್ಲ. ದಿನಾ ಬೆಳಿಗ್ಗೆ ತಾನೇ ಮುಂದೆ ನಡೆದು, ಬಿದ್ದ ಗರಿ ಪಕ್ಕಕ್ಕೆಳೆದು ಸಾಲು ತೋರಿಸತೊಡಗಿದ. ಆದರೂ ಆ ಬೇಲಿಯ ಮಾತು ಚಿಕ್ಕಗೌರಮ್ಮನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು. ಗಂಡನ ಮನಸ್ಸು ಮೋಡದ ಥರ. ಚೈತ್ರ ಇನ್ನೂ ಎರಡು ವರ್ಷ ಓದಬೇಕು, ಅವಳ ಹಿಂದೆ ಇನ್ಯಾರದೋ ಮಕ್ಕಳು ಬರುತ್ತಾರೆ.

ಕಾಲೇಜಿನ ವಾರ್ಷಿಕೋತ್ಸವಕ್ಕೆ ಪ್ರಿನ್ಸಿಪಾಲ್ ಗಂಗಾಧರ್ ನಂಜುಂಡಪ್ಪನನ್ನು ಕರೆಸಿ ಶಾಲು ಹೊದಿಸಿದರು. ಈ ವರ್ಷ ಒಬ್ಬ ಹುಡುಗಿಯೂ ಓದು ಬಿಡಲಿಲ್ಲ ಎಂದರು. ಮೈಕು ಕೈಗೆ ಬಂದದ್ದೇ ನಂಜುಂಡಪ್ಪನ ಎದೆ ಶಾಲಿನೊಳಗೆ ಹಿಡಿಸದಾಯಿತು.

"ಈ ಮಕ್ಕಳಿಗೆ ದಾರಿ ಕೊಟ್ಟೋನು ನಾನು" ಎಂದ. "ನಂಜುಂಡಪ್ಪ ಕೊಟ್ಟ ದಾರಿ ಅಂತ ನಿಮ್ಮ ಮೊಮ್ಮಕ್ಕಳೂ ನಡೀಬೇಕು."

ಚಪ್ಪಾಳೆಗೆ ಸುತ್ತಲಿನ ತೋಟಗಳಲ್ಲಿ ಎಳನೀರು ಉದುರಿತು. ಪ್ರಿನ್ಸಿಪಾಲರು ಕೆಳಗೆ ಕೂತಿದ್ದ ಚಿಕ್ಕಗೌರಮ್ಮನತ್ತ ತಿರುಗಿ, "ಅಮ್ಮ, ನೀವೂ ಒಂದು ಮಾತಾಡಿ" ಎಂದರು.

ಅವಳು ಎದ್ದು ಸೆರಗು ಸರಿಮಾಡಿಕೊಂಡು ವೇದಿಕೆಯ ಮೇಲಿನ ಗಂಡನನ್ನೇ ನೋಡಿದಳು.

"ನಾನೇನು ಮಾತಾಡ್ಲಿ? ಇದು ದಾರಿ ಅಂತ ಇಷ್ಟು ಜನರ ಮುಂದೆ ನೀವೇ ಒಪ್ಕೊಂಡ್ರಿ. ಇನ್ನು ಬೇಲಿ ಹಾಕ್ತೀನಿ ಅಂದ್ರೆ ಕೇಸು ನಾನು ಹಾಕ್ತೀನಿ, ಸಾಕ್ಷಿಗೆ ಈ ಕಾಲೇಜಷ್ಟೂ ಬರುತ್ತೆ."